ಗೆರ್ಲಾನ್ ಕೊಳ್ಳುವುದಾದರೆ ಮೊದಲ ಹತ್ತು ನಿಮಿಷ ನಂಬಬೇಡಿ

ಪ್ರಶ್ನೆ: ಆಫೀಸ್ ಕೆಲಸದ ಮೇಲೆ ಮುಂದಿನ ತಿಂಗಳು ಒಂದು ವಾರ ಪ್ಯಾರಿಸ್‌ಗೆ ಹೋಗುತ್ತಿದ್ದೇನೆ. ನನಗೊಂದು, ನಮ್ಮ ಮನೆಯವರಿಗೊಂದು ಗೆರ್ಲಾನ್ ಪರ್ಫ್ಯೂಮ್ ತರಬೇಕೆಂದು ಆಸೆ. ಯಾವುದು ಬೆಸ್ಟ್? ಎಲ್ಲರೂ ಶಾಲಿಮಾರ್ ಅನ್ನುತ್ತಾರೆ. ಆದರೆ ಒಮ್ಮೆ ಏರ್‌ಪೋರ್ಟ್ ಅಂಗಡಿಯಲ್ಲಿ ಮೂಸಿ ನೋಡಿದರೆ ಔಷಧಿ ಅಂಗಡಿ ವಾಸನೆ ಬಂತು. ನನ್ನ ಮೂಗೇ ಸರಿಯಿಲ್ಲವಾ? ಇರುವುದು ಬೆಂಗಳೂರಿನಲ್ಲಿ, ಊರು ಪುತ್ತೂರು. ಎರಡೂ ಕಡೆ ಹಾಕಿಕೊಳ್ಳುವ ಹಾಗಿರಬೇಕು. ಇನ್ನೊಂದು, ರೇಷ್ಮೆ ಸೀರೆಯ ಮೇಲೆ ಹಾಕಬಹುದಾ?

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಇದೆ. ಶಾಲಿಮಾರ್‌ನ ಮೊದಲ ಹತ್ತು ನಿಮಿಷ ನನಗೂ ಔಷಧಿ ಅಂಗಡಿಯೇ.

ನಾನು ಊದುಬತ್ತಿಗೆ ಕಾಂಪೌಂಡ್, ಅಂದರೆ ವಾಸನೆಯ ಮಿಶ್ರಣ, ಮಾಡುವವನು. ಮೂಗು ನಂಬಿ ಅನ್ನ ತಿನ್ನುವ ಕಸುಬು. ಕೆಲಸ ಕಲಿಯುವ ದಿನಗಳಲ್ಲಿ ನಮ್ಮ ಮೇಷ್ಟ್ರು ಒಂದು ಕಾಗದದ ಪಟ್ಟಿಯನ್ನು ಶಾಲಿಮಾರ್‌ನಲ್ಲಿ ಅದ್ದಿ ಕೊಟ್ಟರು. ನಾನು ಮುಖ ಸಿಂಡರಿಸಿದೆ. "ಜೇಬಲ್ಲಿ ಇಟ್ಕೊಂಡು ಮನೆಗೆ ಹೋಗು, ನಾಳೆ ಮಾತಾಡೋಣ" ಅಂದರು. ಮರುದಿನ ಬೆಳಿಗ್ಗೆ ಒಗೆಯಲು ಹಾಕಿದ್ದ ಅಂಗಿಯನ್ನು ಅಮ್ಮ ಎತ್ತಿಕೊಂಡು, "ಇದೇನೋ ಪಾಯಸದ ಹಾಗೆ ಘಮಘಮ ಅಂತಿದೆ" ಅಂದಳು. ಆ ಪಟ್ಟಿಯನ್ನು ಆಮೇಲೆ ಎಷ್ಟೋ ದಿನ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ.

ಗೆರ್ಲಾನ್ ವಿಷಯದಲ್ಲಿ ನಾನು ಹೇಳುವುದು ಇಷ್ಟೇ. ಅಲ್ಲಿ ಮೂಸಬೇಕಾದ್ದು ತಲೆಯನ್ನಲ್ಲ, ತಳವನ್ನು. ಯಾವ ಪರ್ಫ್ಯೂಮ್ ಆದರೂ ಒಂದೇ ವಾಸನೆಯಾಗಿ ಕೂರುವುದಿಲ್ಲ. ನಿಂಬೆ, ಕಿತ್ತಳೆ ಜಾತಿಯ ಹಗುರ ವಸ್ತುಗಳು ಮೊದಲು ಹಾರಿಹೋಗುತ್ತವೆ. ಆಮೇಲೆ ಹೂವಿನದ್ದು ಬರುತ್ತದೆ. ವೆನಿಲಾ, ರಾಳ, ಮರ ಇಂಥ ಭಾರದವು ಕೊನೆಗೆ ಉಳಿಯುತ್ತವೆ. ಈಗಿನ ಎಷ್ಟೋ ಪರ್ಫ್ಯೂಮ್‌ಗಳು ಅಂಗಡಿಯ ಎರಡು ನಿಮಿಷ ಗೆಲ್ಲುವುದಕ್ಕೇ ಮಾಡಿದ ಹಾಗಿರುತ್ತವೆ. ಗೆರ್ಲಾನ್‌ನ ಹಳೆಯವು ಹಾಗಲ್ಲ. ಅವುಗಳ ರುಚಿ ಮೂರು ಗಂಟೆ ಕಳೆದ ಮೇಲೆ. ಏರ್‌ಪೋರ್ಟ್‌ನಲ್ಲಿ ನೀವು ಮೂಸಿದ್ದು ಬಾಗಿಲು ಮಾತ್ರ, ಮನೆಯೊಳಗೆ ಹೋಗಲೇ ಇಲ್ಲ.

ಅಂದ ಹಾಗೆ ಹೆಸರನ್ನು ಫ್ರೆಂಚರು ಮೂಗಿನಲ್ಲಿ 'ಗೆರ್ಲ್ಯಾಂ' ಎಂದು ಎಳೆಯುತ್ತಾರೆ. ನೀವು ಗೆರ್ಲಾನ್ ಅನ್ನಿ, ಗೆರ್ಲೇನ್ ಅನ್ನಿ, ಅಂಗಡಿಯವರಿಗೆ ಅರ್ಥವಾಗುತ್ತದೆ.

ಈ ಮನೆ ಶುರುವಾಗಿದ್ದು 1828ರಲ್ಲಿ, ಪ್ಯಾರಿಸ್‌ನ ರಿವೊಲಿ ಬೀದಿಯಲ್ಲಿ. ಶುರು ಮಾಡಿದವರು ಪಿಯೆರ್-ಫ್ರಾಂಸ್ವಾ-ಪಾಸ್ಕಲ್ ಗೆರ್ಲಾನ್. 1853ರಲ್ಲಿ ಮೂರನೇ ನೆಪೋಲಿಯನ್‌ನ ಹೆಂಡತಿ ಯುಜೆನಿಗಾಗಿ ಒಂದು ಕಲೋನ್ ಮಾಡಿದರು. ಜೇನುಹುಳುಗಳ ಉಬ್ಬುಚಿತ್ರವಿದ್ದ ಆ ಬಾಟಲಿಯ ಅಚ್ಚು ಇವತ್ತಿಗೂ ನಡೆಯುತ್ತಿದೆ. ಮಕ್ಕಳು, ಮೊಮ್ಮಕ್ಕಳು ಅಂತ ಕಸುಬು ಮನೆಯೊಳಗೇ ಬಂತು. 1994ರಲ್ಲಿ ಎಲ್‌ವಿಎಂಎಚ್ ಎಂಬ ದೊಡ್ಡ ಸಂಸ್ಥೆ ಕೊಂಡುಕೊಂಡಿತು. 2008ರಲ್ಲಿ ಮುಖ್ಯ ಪರ್ಫ್ಯೂಮರ್ ಆಗಿ ಬಂದ ತಿಯೆರಿ ವಾಸೆರ್ ಮನೆತನದವರಲ್ಲ.

ಒಂದೇ ಮನೆಯಲ್ಲಿ ಇಷ್ಟು ಕಾಲ ಅಡುಗೆ ನಡೆದರೆ ಏನಾಗುತ್ತದೆ ಹೇಳಿ? ಸಾರಿನ ಪುಡಿ ಒಂದೇ ಇರುತ್ತದೆ. ತರಕಾರಿ ಯಾವುದಾದರೂ ಹಾಕಲಿ, ತಿಂದವರಿಗೆ ಆ ಮನೆಯ ಕೈ ಗೊತ್ತಾಗುತ್ತದೆ. ಗೆರ್ಲಾನ್‌ಗೂ ಅಂಥದ್ದೊಂದು ಪುಡಿ ಇದೆ, ಅದಕ್ಕೆ 'ಗೆರ್ಲಿನಾದ್' ಎನ್ನುತ್ತಾರೆ. ಬರ್ಗಮಾಟ್, ಗುಲಾಬಿ, ಮಲ್ಲಿಗೆ, ಐರಿಸ್, ವೆನಿಲಾ, ಟೋಂಕಾ ಬೀಜ. ಈ ಟೋಂಕಾದಲ್ಲಿರುವುದು ಕೂಮರಿನ್ ಎಂಬ ವಸ್ತು. ಹೊಸದಾಗಿ ಒಟ್ಟಿದ ಒಣಹುಲ್ಲಿನ ಬಣವೆಯ ಹತ್ತಿರ ನಿಂತರೆ ಒಂದು ಸಿಹಿ ವಾಸನೆ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ.

1889ರಲ್ಲಿ, ಐಫೆಲ್ ಗೋಪುರ ಎದ್ದ ವರ್ಷವೇ, ಎಮೆ ಗೆರ್ಲಾನ್ 'ಜಿಕಿ' ಮಾಡಿದರು. ಲ್ಯಾವೆಂಡರ್ ಜೊತೆಗೆ ಪ್ರಯೋಗಾಲಯದಲ್ಲಿ ತಯಾರಾದ ಕೂಮರಿನ್, ವೆನಿಲಾ ವಾಸನೆ ಕೊಡುವ ವೆನಿಲಿನ್. ಹೂವಿನ ಎಣ್ಣೆ ಮಾತ್ರ ಬೆರೆಸುತ್ತಿದ್ದ ಕಾಲ ಮುಗಿಯುತ್ತಾ ಬಂದದ್ದು ಇಂಥವುಗಳಿಂದ. 'ನ್ಯಾಚುರಲ್ ಇದ್ದರೆ ಮಾತ್ರ ಒಳ್ಳೆಯದು' ಎನ್ನುವವರು ಸಿಕ್ಕಾಗೆಲ್ಲ ನನಗೆ ಜಿಕಿ ನೆನಪಾಗುತ್ತದೆ. ಕೆಮಿಕಲ್ ಇಲ್ಲದಿದ್ದರೆ ಈ ಮನೆಗೆ ಇಷ್ಟು ಹೆಸರೇ ಬರುತ್ತಿರಲಿಲ್ಲ.

ಶಾಲಿಮಾರ್ ಹುಟ್ಟಿದ್ದೂ ಅದೇ ದಾರಿಯಲ್ಲಿ. ಜಾಕ್ ಗೆರ್ಲಾನ್ ಕೈಗೆ ಎಥೈಲ್ ವೆನಿಲಿನ್ ಎಂಬ ಹೊಸ ವಸ್ತು ಬಂತು. ಮಾಮೂಲಿ ವೆನಿಲಿನ್‌ಗಿಂತ ಮೂರ್ನಾಲ್ಕು ಪಟ್ಟು ಜೋರು. ಸುಮ್ನೆ ನೋಡೋಣ ಅಂತ ಜಿಕಿ ಬಾಟಲಿಗೆ ಅದನ್ನು ಸುರಿದರು, ಶಾಲಿಮಾರ್ ಆಯಿತು. ಇದು ಆ ಮನೆಯವರೇ ಹೇಳುವ ಕಥೆ. ಇಷ್ಟು ಸಲೀಸಾಗಿ ಪರ್ಫ್ಯೂಮ್ ಆಗುವುದಿಲ್ಲ ಅಂತ ಈ ಕಸುಬಿನವರಿಗೆ ಗೊತ್ತು. ಆದರೆ ಎರಡನ್ನೂ ಅಕ್ಕಪಕ್ಕ ಮೂಸಿದರೆ ಇವು ಅಕ್ಕತಂಗಿಯರು ಅನ್ನುವುದರಲ್ಲಿ ಅನುಮಾನ ಬರುವುದಿಲ್ಲ. 1925ರ ಪ್ಯಾರಿಸ್ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ ಅದು ಜನರೆದುರು ಬಂತು.

ಹೆಸರಿನ ಕಥೆ ಇನ್ನೂ ಮಜಾ. ಷಾಜಹಾನ್ ಮುಮ್ತಾಜಳ ಮೇಲಿನ ಪ್ರೀತಿಗೆ ಮಾಡಿಸಿದ ಶಾಲಿಮಾರ್ ತೋಟ ಅಂತ ಜಾಹೀರಾತಿನಲ್ಲಿ ಹೇಳುತ್ತಾ ಬಂದಿದ್ದಾರೆ. ಮುಮ್ತಾಜ್ ತೀರಿಕೊಂಡಿದ್ದು 1631ರಲ್ಲಿ. ಷಾಜಹಾನ್ ಲಾಹೋರಿನ ಶಾಲಿಮಾರ್ ತೋಟ ಶುರು ಮಾಡಿಸಿದ್ದು 1641ರಲ್ಲಿ. ಶ್ರೀನಗರದ ಶಾಲಿಮಾರ್ ಅವನ ಅಪ್ಪ ಜಹಾಂಗೀರ್ ಮಾಡಿಸಿದ್ದು. ಹಾಗಾಗಿ ಲೆಕ್ಕ ಕೂಡುವುದಿಲ್ಲ. ಪರ್ಫ್ಯೂಮ್ ಚೆನ್ನಾಗಿದೆ, ಕಥೆ ಬಿಟ್ಟುಬಿಡಿ.

ಈಗ ಆ ಔಷಧಿ ವಾಸನೆಗೆ ಬರೋಣ. ಶಾಲಿಮಾರ್‌ನಲ್ಲಿ ಬರ್ಗಮಾಟ್ ಬಹಳ ಜಾಸ್ತಿ. ಅದು ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಒಂದು ಜಾತಿಯ ಹುಳಿಹಣ್ಣು, ಅದರ ಸಿಪ್ಪೆಯ ಎಣ್ಣೆ. ಅರ್ಲ್ ಗ್ರೇ ಚಹಾ ಕುಡಿದಿದ್ದರೆ ನಿಮಗೆ ಗೊತ್ತು. ಅದರ ಕೆಳಗೆ ಹೊಗೆ, ಚರ್ಮ ಮತ್ತು ಒಪೊಪೊನಾಕ್ಸ್ ಎಂಬ ರಾಳ. ಈ ರಾಳ ಬರುವ ಗಿಡ ನಮ್ಮ ಗುಗ್ಗುಳದ ಕುಲದ್ದೇ. ಹುಳಿಯ ಹಿಂದೆಯೇ ಹೊಗೆ, ರಾಳ ಎದ್ದರೆ ಔಷಧಿ ಅಂಗಡಿ ಅನಿಸದೆ ಇನ್ನೇನು? ಅರ್ಧ ಗಂಟೆಗೆ ಹುಳಿ ಇಳಿಯುತ್ತದೆ. ಒಂದೂವರೆ ಗಂಟೆಗೆ ವೆನಿಲಾ ಮೇಲೆ ಬರುತ್ತದೆ. ಅದು ಐಸ್‌ಕ್ರೀಮಿನ ವೆನಿಲಾ ಅಲ್ಲ, ಲೋಬಾನ ಹಾಕಿದ ಮನೆಯೊಳಗೆ ಪಾಯಸ ಕುದಿಯುತ್ತಿದ್ದ ಹಾಗೆ. ಗುಗ್ಗುಳದ ಹೊಗೆಯಲ್ಲಿ ಬೆಳೆದ ನಮಗೆ ಇದು ಫ್ರೆಂಚರಿಗಿಂತ ಬೇಗ ಒಗ್ಗಬೇಕು ಅಂತ ನನ್ನ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ. ಓ ದ ತ್ವಾಲೆತ್, ಓ ದ ಪಾರ್ಫಂ, ಎಕ್ಸ್‌ತ್ರೆ ಅಂತ ಮೂರು ಬಗೆ ಸಿಗುತ್ತವೆ. ಬರೀ ನೀರು ಜಾಸ್ತಿ, ನೀರು ಕಡಿಮೆ ಅಂತ ಅಂದುಕೊಳ್ಳಬೇಡಿ. ಗೆರ್ಲಾನ್‌ನಲ್ಲಿ ಒಂದೊಂದರ ಹದವೇ ಬೇರೆ. ಶಾಲಿಮಾರ್ ಓ ದ ತ್ವಾಲೆತ್‌ನಲ್ಲಿ ಬರ್ಗಮಾಟ್ ಮತ್ತು ಹೊಗೆ ಮುಂದೆ ಬರುತ್ತವೆ. ಓ ದ ಪಾರ್ಫಂನಲ್ಲಿ ವೆನಿಲಾ ಬೇಗ ಎದ್ದು ನಿಲ್ಲುತ್ತದೆ. ನಿಮ್ಮಂತೆ ಶುರುವಿನಲ್ಲೇ ಬೆಚ್ಚಿದವರಿಗೆ ಓ ದ ಪಾರ್ಫಂ ಸರಿ. ಎಕ್ಸ್‌ತ್ರೆ ಎಲ್ಲಕ್ಕಿಂತ ಮೃದು, ಮೈಗೆ ಅಂಟಿಕೊಂಡಿರುತ್ತದೆ, ಬೆಲೆ ಮಾತ್ರ ಜೋರು.

ಶಾಲಿಮಾರ್ ಎರಡನೇ ಸಲವೂ ಬೇಡ ಅನಿಸಿದರೆ 'ಲೆರ್ ಬ್ಲ' ನೋಡಿ. ಸೂರ್ಯ ಮುಳುಗಿ, ದೀಪ ಹಚ್ಚುವ ಮೊದಲಿನ ನೀಲಿ ಹೊತ್ತು ಅಂತ ಅರ್ಥ. ನಮ್ಮ ಮುಸ್ಸಂಜೆ. 1912ರದ್ದು, ಇದೂ ಜಾಕ್ ಅವರದ್ದೇ. ಸೋಂಪು, ಲವಂಗ, ಕಿತ್ತಳೆ ಹೂವು, ಐರಿಸ್‌ನ ಪುಡಿಪುಡಿ ವಾಸನೆ, ಕೆಳಗೆ ಬಾದಾಮಿಯ ನೆನಪು. ಕೆಲವರಿಗೆ ಇದು ಅಜ್ಜಿಯ ಪೌಡರ್ ಡಬ್ಬಿ. ನನಗೆ ಈ ಮನೆಯ ಅತಿ ಸುಂದರ ಕೆಲಸ. ಮದುವೆಗೆ ಅಲ್ಲ, ಒಬ್ಬರೇ ಕೂತಿರುವ ಮಳೆಗಾಲದ ಸಂಜೆಗೆ.

'ಮಿತ್ಸುಕೊ' ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. 1919ರದ್ದು. ಪರ್ಫ್ಯೂಮ್ ಬಲ್ಲವರು ತಲೆಯ ಮೇಲೆ ಹೊತ್ತುಕೊಳ್ಳುವುದು ಇದನ್ನೇ. ಇದರಲ್ಲಿ ಪೀಚ್ ಹಣ್ಣಿನ ವಾಸನೆ ಕೊಡುವುದು ಸಿ-14 ಆಲ್ಡಿಹೈಡ್ ಎಂದು ಕರೆಯುವ ವಸ್ತು. ಹೆಸರಷ್ಟೇ ಹಾಗೆ, ರಸಾಯನಶಾಸ್ತ್ರದಲ್ಲಿ ಅದು ಆಲ್ಡಿಹೈಡ್ ಅಲ್ಲ, ಲ್ಯಾಕ್ಟೋನ್. ವ್ಯಾಪಾರದಲ್ಲಿ ಆ ಹೆಸರು ಹಾಗೇ ನಿಂತುಬಿಟ್ಟಿದೆ. ಹಣ್ಣಿನ ಕೆಳಗೆ ಇರುವುದು ಓಕ್‌ಮಾಸ್. ಪಾಚಿ ಅಂತ ಹೆಸರಿದ್ದರೂ ಅದು ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವು. ಬಿಸಿಬೇಳೆಭಾತ್ ಪುಡಿಗೆ ಹಾಕುವ ಕಲ್ಲುಹೂವಿನ ಡಬ್ಬಿ ತೆರೆದು ಮೂಸಿ ನೋಡಿ. ಒದ್ದೆ ಕಾಡು, ಹಳೆ ಮರ, ಸ್ವಲ್ಪ ಕಹಿ. ಅದರ ಫ್ರೆಂಚ್ ದಾಯಾದಿ ಇದು.

ಆದರೆ ಓಕ್‌ಮಾಸ್‌ನಿಂದ ಕೆಲವರಿಗೆ ಚರ್ಮದ ಅಲರ್ಜಿ ಬರುತ್ತದೆ. ಅಲರ್ಜಿ ತರುವ ಎರಡು ವಸ್ತುಗಳಾದ ಅಟ್ರನಾಲ್ ಮತ್ತು ಕ್ಲೋರೋಅಟ್ರನಾಲ್‌ಗೆ ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧದ ನಿಯಮ ತಂದಿತು. ಅದಕ್ಕೂ ಮೊದಲೇ ಓಕ್‌ಮಾಸ್ ಬಳಕೆಗೆ ಮಿತಿ ಬಿದ್ದಿತ್ತು. ಹಾಗಾಗಿ ಇವತ್ತಿನ ಮಿತ್ಸುಕೊ ನಿಮ್ಮ ಅಜ್ಜಿ ಕಾಲದ ಮಿತ್ಸುಕೊ ಅಲ್ಲ. ಆ ಎರಡನ್ನು ತೆಗೆದ ಓಕ್‌ಮಾಸ್ ಇಟ್ಟುಕೊಂಡು ಹಳೆಯ ರೂಪಕ್ಕೆ ಹತ್ತಿರ ತಂದಿದ್ದಾರೆ. 'ಹಳೇದೇ ಚೆನ್ನಾಗಿತ್ತು' ಅಂತ ಗೋಳಾಡುವವರು ಇರುತ್ತಾರೆ. ನೀವು ಹಳೇದನ್ನು ಮೂಸಿಲ್ಲ, ಆ ದುಃಖ ನಿಮಗೆ ಬೇಡ. ಆದರೆ ಮೊದಲ ಗೆರ್ಲಾನ್ ಆಗಿ ಮಿತ್ಸುಕೊ ತರಬೇಡಿ. ಅದು ಹಾಗಲಕಾಯಿ ಇದ್ದ ಹಾಗೆ. ಒಂದು ದಿನ ತಾನಾಗಿಯೇ ರುಚಿಸಬೇಕು, ಬಲವಂತಕ್ಕೆ ರುಚಿಸುವುದಿಲ್ಲ.

ಕನ್ನಡಿಗರು ಅಂದ ಕೂಡಲೇ ಅಂಗಡಿಯವರೋ ಸ್ನೇಹಿತರೋ ನಿಮಗೆ 'ಸಂಸಾರ' ತೋರಿಸಬಹುದು. 1989ರಲ್ಲಿ ಜಾಂ-ಪೋಲ್ ಗೆರ್ಲಾನ್ ಮಾಡಿದ್ದು. ಹುಟ್ಟುಸಾವಿನ ಚಕ್ರ ಅಂತ ಅವರ ಅರ್ಥ. ನಮ್ಮ ಕಿವಿಗೆ ಹೆಂಡತಿ, ಮಕ್ಕಳು, ಇಎಂಐ ಎಲ್ಲ ಬಂದುಬಿಡುತ್ತದೆ! ಶ್ರೀಗಂಧ ಮತ್ತು ಮಲ್ಲಿಗೆ ಇದರ ಎರಡು ಕಂಬ. ಮೈಸೂರು ಗಂಧದ ಎಣ್ಣೆಗೆ ಆಗ ಪರ್ಫ್ಯೂಮ್ ಲೋಕದಲ್ಲಿ ಎಂಥ ಹೆಸರಿತ್ತು ಅಂದರೆ 'ಮೈಸೂರ್' ಅನ್ನುವುದೇ ಒಂದು ದರ್ಜೆಯ ಹೆಸರಾಗಿತ್ತು. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸರ್ಕಾರ ಇಲ್ಲೇ ಎಣ್ಣೆ ತೆಗೆಯುವ ಕಾರ್ಖಾನೆ ಹಾಕಿತು. ಆಮೇಲೆ ಕಾಡಿನ ಮರ ಕಡಿಮೆಯಾಗಿ, ಕಳ್ಳಸಾಗಣೆ ಹೆಚ್ಚಾಗಿ, ಬೆಲೆ ಏರಿತು. ಈಗ ಶ್ರೀಗಂಧವನ್ನು ಆಸ್ಟ್ರೇಲಿಯಾದಲ್ಲೂ ತೋಟ ಮಾಡಿ ಬೆಳೆಯುತ್ತಾರೆ. ಸಂಸಾರದಲ್ಲಿ ಮೊದಲಿನಿಂದಲೂ ಕೃತಕ ಗಂಧವೂ ಇತ್ತು. ಮನೆಯಲ್ಲಿ ಗಂಧದ ಕೊರಡು ತೇಯ್ದು ಗೊತ್ತಿರುವ ನಿಮಗೆ ಈಗಿನ ಬಾಟಲಿಯಲ್ಲಿ ಆ ಹಾಲಿನಂಥ ತಂಪು ಸಿಗುವುದು ಕಷ್ಟ. ಗಂಧಕ್ಕಾಗಿ ಪ್ಯಾರಿಸ್‌ಗೆ ಹೋಗಿ ಸಂಸಾರ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಲಾವಂಚದ ಮಾತು ಬೇರೆ. ನಿಮ್ಮ ಮನೆಯವರಿಗೆ ಕಣ್ಣುಮುಚ್ಚಿ 'ವೆಟಿವೆರ್' ತನ್ನಿ. ವೆಟಿವೆರ್ ಅಂದರೆ ಲಾವಂಚವೇ. ಆ ಫ್ರೆಂಚ್ ಪದ ಬಂದಿದ್ದೇ ತಮಿಳಿನ 'ವೆಟ್ಟಿವೇರ್'ನಿಂದ. ಆ 'ವೇರ್' ನಮ್ಮ 'ಬೇರು'. ಇದು ಜಾಂ-ಪೋಲ್ ಹುಡುಗನಾಗಿದ್ದಾಗ ಮಾಡಿದ್ದು, 1959ರ ಸುಮಾರಿಗೆ. ಮೊದಲು ನಿಂಬೆ ಜಾತಿ, ಆಮೇಲೆ ಜಾಯಿಕಾಯಿ, ಒಣ ಹೊಗೆಸೊಪ್ಪು, ಕೊನೆಗೆ ಮಡಕೆಯ ನೀರಿನಲ್ಲಿ ನೆನೆದ ಲಾವಂಚದ ಬೇರು. ಸೆಖೆಗೆ ಇದಕ್ಕಿಂತ ಹೊಂದುವುದು ಈ ಮನೆಯಲ್ಲಿ ಇನ್ನೊಂದಿಲ್ಲ. ಪುತ್ತೂರಿನ ಏಪ್ರಿಲ್‌ನಲ್ಲೂ ಕೊಳಕಾಗುವುದಿಲ್ಲ. ಗಂಡಸರದ್ದು ಅಂತ ಬರೆದಿರುತ್ತಾರೆ, ಆದರೆ ತಂದ ಮೇಲೆ ನೀವೇ ಕದ್ದು ಹಾಕಿಕೊಂಡರೆ ಆಶ್ಚರ್ಯವಿಲ್ಲ.

ಅವರು ಸ್ವಲ್ಪ ಶೋಕಿಯವರಾದರೆ 1965ರ 'ಅಬಿ ರೂಜ್' ಇದೆ. ಕುದುರೆ ಸವಾರರ ಕೆಂಪು ಕೋಟು ಅಂತ ಅರ್ಥ. ಕಿತ್ತಳೆ, ವೆನಿಲಾ, ಚರ್ಮ, ಶಾಲಿಮಾರ್‌ನ ತಮ್ಮ. ಬೆಂಗಳೂರಿನ ಡಿಸೆಂಬರ್‌ಗೆ ಚೆನ್ನ, ಕರಾವಳಿಗೆ ಭಾರ.

ಹಗಲು ಹೊತ್ತಿಗೆ, ಆಫೀಸಿಗೆ, ಬಸ್ಸಿನಲ್ಲಿ ಊರಿಗೆ ಹೋಗುವುದಕ್ಕೆ ಹಗುರದ್ದು ಬೇಕೆಂದರೆ 1999ರಲ್ಲಿ ಶುರುವಾದ ಆಕ್ವಾ ಅಲೆಗೋರಿಯಾ ಸಾಲು ನೋಡಿ. ಅದರಲ್ಲಿ ಗ್ರೇಪ್‌ಫ್ರೂಟ್‌ನ 'ಪಾಂಪ್ಲಲೂನ್' ನನಗಿಷ್ಟ. ಚಕ್ಕೋತ ಸುಲಿದಾಗ ಕೈಗೆ ಹತ್ತುವ ವಾಸನೆ. ಎರಡು ಮೂರು ಗಂಟೆಗೆ ಮುಗಿಯುತ್ತದೆ, ಅದು ಅದರ ತಪ್ಪಲ್ಲ. ಈ ಸಾಲಿಗೆ ಮಾತ್ರ ನಾನು ಹೇಳಿದ ತಳದ ನಿಯಮ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ತಲೆಯೇ ಎಲ್ಲ. 'ಲಾ ಪೆತೀತ್ ರೋಬ್ ನ್ವಾರ್', 'ಮೋಂ ಗೆರ್ಲಾನ್' ಚೆನ್ನಾಗಿ ಮಾರಾಟವಾಗುತ್ತವೆ, ಸಿಹಿ, ಸುಲಭ. ಅವುಗಳಿಗಾಗಿ ಪ್ಯಾರಿಸ್‌ನಲ್ಲಿ ಸಮಯ ಕಳೆಯಬೇಡಿ.

'ಲಾರ್ ಎ ಲಾ ಮಾತ್ಯೆರ್' ಅಂತ ಒಂದು ದುಬಾರಿ ಸಾಲು ಇದೆ. ಶಾಲಿಮಾರ್‌ನ ಎರಡು ಪಟ್ಟಿಗಿಂತ ಜಾಸ್ತಿ ಬೆಲೆ. 2007ರ ಡಬಲ್ ವೆನಿಲಾ, 2010ರ 'ತೋಂಕಾ ಇಂಪೆರಿಯಾಲ್' ನಿಜಕ್ಕೂ ಒಳ್ಳೆಯ ಕೆಲಸ. ಮೂಸಿ, ಖುಷಿಪಡಿ, ವಾಪಸ್ ಇಡಿ. ಎಥೈಲ್ ವೆನಿಲಿನ್ ಯಾವ ಎತ್ತರಕ್ಕೆ ಹೋಗಬಹುದೋ ಅಲ್ಲಿಗೆ 1925ರಲ್ಲೇ ಹೋಗಿಬಿಟ್ಟಿದ್ದಾರೆ, ಅದೂ ಅರ್ಧ ಬೆಲೆಗೆ.

ಈಗ ಕೊಳ್ಳುವ ಬಗೆ. ಶಾಂಜ್ ಎಲಿಜೇ ರಸ್ತೆಯ 68ನೇ ನಂಬರಿನ ಅಂಗಡಿಗೆ ಹೋಗಿ. 1914ರಿಂದ ಅಲ್ಲಿದೆ, ಕಟ್ಟಡ ನೋಡುವುದಕ್ಕಾದರೂ ಹೋಗಬೇಕು. ಪ್ಯಾರಿಸ್ ತಲುಪಿದ ಮೊದಲ ಒಂದೆರಡು ದಿನಗಳಲ್ಲೇ ಹೋಗಿ, ಕೊನೆಯ ದಿನ ಅಲ್ಲ. ಬೆಳಿಗ್ಗೆ, ಮೈಗೆ ಏನೂ ಹಾಕಿಕೊಳ್ಳದೆ. ಕಾಗದದ ಪಟ್ಟಿಯಲ್ಲಿ ಐದಾರು ಮೂಸಿ, ಹೆಸರು ಬರೆದು ಪರ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಮೈಮೇಲೆ ಎರಡೇ ಎರಡು, ಒಂದೊಂದು ಮಣಿಕಟ್ಟಿಗೆ ಒಂದೊಂದು. ಉಜ್ಜಿದರೆ ಅಣುಗಳು ಒಡೆಯುತ್ತವೆ ಅನ್ನುವುದು ಸುಳ್ಳು. ಆದರೆ ಬಿಸಿಗೆ ಮೇಲಿನ ಹಗುರದ್ದು ಬೇಗ ಹಾರಿಹೋಗುತ್ತದೆ, ಅದಕ್ಕೆ ಉಜ್ಜದಿದ್ದರೆ ಒಳ್ಳೆಯದು. ಮೂಗು ದಣಿದರೆ ಕಾಫಿ ಬೀಜ ಕೊಡುತ್ತಾರೆ. ಬೇಡ, ಅದೂ ಒಂದು ವಾಸನೆಯೇ. ನಿಮ್ಮದೇ ತೋಳನ್ನು, ಏನೂ ಹಾಕದ ಕಡೆ, ಮೂಸಿಕೊಳ್ಳಿ.

ಆಮೇಲೆ 'ಮೆರ್ಸಿ' ಅಂತ ಹೇಳಿ ಹೊರಗೆ ಬನ್ನಿ. ಏನೂ ಕೊಳ್ಳಬೇಡಿ. ನಾಚಿಕೆ ಬೇಡ, ಅಲ್ಲಿ ಹಾಗೇ ಬರುವವರೇ ಜಾಸ್ತಿ. ತಿರುಗಾಡಿ, ಊಟ ಮಾಡಿ, ಮೆಟ್ರೋ ಹತ್ತಿ. ಮಧ್ಯಾಹ್ನ, ಸಂಜೆ, ಮಲಗುವ ಮೊದಲು ಮೂಸಿ. ಮರುದಿನ ಎದ್ದಾಗ ಯಾವ ಮಣಿಕಟ್ಟಿನ ಕಡೆ ಮೂಗು ತಾನಾಗಿ ಹೋಗುತ್ತದೋ ಅದು ನಿಮ್ಮದು. ಪ್ಯಾರಿಸ್ ಚಳಿಯಲ್ಲಿ ಮೆತ್ತಗಿದ್ದದ್ದು ನಮ್ಮ ಸೆಖೆಗೆ ಜೋರಾಗುತ್ತದೆ. ಅಲ್ಲಿ ಮೂರು ಸಲ ಒತ್ತಿದರೆ ಇಲ್ಲಿ ಒಂದೇ ಸಾಕು ಅಂತ ಲೆಕ್ಕ ಇಟ್ಟುಕೊಳ್ಳಿ.

ನನ್ನ ಕೈಯಲ್ಲಿ ನಿಮ್ಮ ದುಡ್ಡು ಇದ್ದಿದ್ದರೆ ಅವರಿಗೆ ವೆಟಿವೆರ್, ನಿಮಗೆ ಶಾಲಿಮಾರ್ ಓ ದ ಪಾರ್ಫಂ 50 ಎಂಎಲ್. ಮರುದಿನವೂ ಶಾಲಿಮಾರ್ ಬೇಡ ಅನಿಸಿದರೆ ಲೆರ್ ಬ್ಲ. ಕರಾವಳಿಯ ಹಗಲಿಗೆ ನೀವೂ ಅವರ ವೆಟಿವೆರನ್ನೇ ಹಾಕಿಕೊಳ್ಳಿ, ಮೂರನೆಯ ಬಾಟಲಿ ಬೇಡ. ದೊಡ್ಡ ಬಾಟಲಿಯ ಆಸೆಯೂ ಬೇಡ, ನಮ್ಮ ಬಿಸಿಗೆ ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ. ಬೀರುವಿನ ಕತ್ತಲೆಯಲ್ಲಿ, ಅದರ ಡಬ್ಬಿಯೊಳಗೇ ಇಡಿ. ಬಾತ್‌ರೂಮಿನಲ್ಲಂತೂ ಇಡಬೇಡಿ. ಶಾಲಿಮಾರ್ ಬರುಬರುತ್ತಾ ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ವೆನಿಲಿನ್‌ನ ಗುಣವೇ ಅದು.

ಎರಡೂ ಬಾಟಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳಿ. ಬಿಲ್ಲು 100 ಯೂರೋ ದಾಟಿದರೆ ಪ್ರವಾಸಿಗರಿಗೆ ತೆರಿಗೆಯ ಒಂದು ಭಾಗ ವಾಪಸ್ ಬರುತ್ತದೆ. 'ದೆತಾಕ್ಸ್' ಅಂತ ಕೇಳಿ, ಪಾಸ್‌ಪೋರ್ಟ್ ಜೊತೆಗಿರಲಿ, ಅವರು ಕೊಟ್ಟ ಕಾಗದವನ್ನು ಏರ್‌ಪೋರ್ಟಿನ ಯಂತ್ರದಲ್ಲಿ ಸ್ಕ್ಯಾನ್ ಮಾಡಿ. ಲಗೇಜ್ ಕೊಡುವ ಮೊದಲೇ ಇದು ಮುಗಿಯಲಿ, ಕಸ್ಟಮ್ಸ್‌ನವರು ಸಾಮಾನು ತೋರಿಸಿ ಅನ್ನಬಹುದು.

ಇನ್ನು ಸೀರೆ. ರೇಷ್ಮೆ ಸೀರೆಗೆ ಬೇಡವೇ ಬೇಡ. ಎಣ್ಣೆ, ವೆನಿಲಿನ್ ಕಲೆ ಬಿದ್ದರೆ ಹೋಗುವುದಿಲ್ಲ, ಜರಿಗೆ ತಗುಲಿದರೆ ಅದು ಕಪ್ಪಾಗಬಹುದು. ಸ್ನಾನ ಮಾಡಿ ಮೈ ಒರೆಸಿದ ಮೇಲೆ ಕತ್ತಿನ ಹಿಂದೆ ಒಂದು, ಮೊಣಕೈ ಒಳಗೆ ಒಂದು. ಐದು ನಿಮಿಷ ಆರಲು ಬಿಟ್ಟು ಸೀರೆ ಉಟ್ಟುಕೊಳ್ಳಿ. ಮುಡಿದ ಮಲ್ಲಿಗೆಗೂ ಶಾಲಿಮಾರ್‌ಗೂ ಜಗಳವಿಲ್ಲ, ನಾನು ನೋಡಿದ್ದೇನೆ.